‘ಮಿದುಳಿನಲ್ಲಿ ಪತ್ತೆ’ ಎನ್ನುವ ಸುದ್ದಿಯನ್ನು ಓದುವುದು ಹೇಗೆ

ಪ್ರೀತಿಯ ಜಾಗ ಮಿದುಳಿನಲ್ಲಿ ಸಿಕ್ಕಿತು, ಸುಳ್ಳು ಹೇಳುವಾಗ ಬೆಳಗುವ ಭಾಗ ಗೊತ್ತಾಯಿತು, ನಾವು ನಿರ್ಧರಿಸುವ ಮೊದಲೇ ಮಿದುಳು ನಿರ್ಧರಿಸಿರುತ್ತದೆ. ಇಂಥ ತಲೆಬರಹಗಳಿಗೆ ಈಗ ಬರವಿಲ್ಲ. ಓದುವವರೂ ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಹಾಗೆ ಒಪ್ಪಿಕೊಂಡುಬಿಡುತ್ತಾರೆ. ಇದಕ್ಕೆ ಪುರಾವೆಯೂ ಇದೆ. ಮನುಷ್ಯನ ನಡವಳಿಕೆಗೆ ಕೊಟ್ಟ ಕೆಟ್ಟ ವಿವರಣೆಯ ನಡುವೆ ಸಂಬಂಧವೇ ಇಲ್ಲದ ಮಿದುಳಿನ ಮಾತೊಂದನ್ನು ತುರುಕಿದರೆ ಆ ವಿವರಣೆ ಹೆಚ್ಚು ಸರಿ ಎನಿಸುತ್ತದೆ ಎಂದು 2008ರಲ್ಲಿ ಪ್ರಕಟವಾದ ಪ್ರಯೋಗವೊಂದು ತೋರಿಸಿತು. ನರವಿಜ್ಞಾನದ ಕೋರ್ಸ್ ಓದುತ್ತಿದ್ದ ವಿದ್ಯಾರ್ಥಿಗಳೂ ಈ ಬಲೆಗೆ ಬಿದ್ದರು. ಪಾರಾದವರು ತಜ್ಞರು ಮಾತ್ರ.

ಮನಸ್ಸು ಮಿದುಳನ್ನು ಅವಲಂಬಿಸಿದೆ ಎಂಬ ಬಗ್ಗೆ ಇಂದಿನ ನರವಿಜ್ಞಾನದಲ್ಲಿ ದೊಡ್ಡ ತಕರಾರಿಲ್ಲ. ಅರಿವಳಿಕೆ ಕೊಟ್ಟರೆ ಎಚ್ಚರ ಹೋಗುತ್ತದೆ, ಪಾರ್ಶ್ವವಾಯು ಹೊಡೆದರೆ ಮಾತು ಹೋಗಬಹುದು, ಎಲೆಕ್ಟ್ರೋಡ್ ಇಟ್ಟು ಕೆದಕಿದರೆ ಹಳೆಯ ನೆನಪೋ ಅಳುವೋ ಉಕ್ಕಬಹುದು. ತಕರಾರೆಲ್ಲ ‘ಹೇಗೆ ಅವಲಂಬಿಸಿದೆ’ ಎಂಬುದರಲ್ಲಿದೆ. ಸುದ್ದಿಗಳು ಎಡವುವುದೂ ಅಲ್ಲೇ. ಪ್ರಯೋಗ ಒಂದು ಬಗೆಯ ಸಂಬಂಧವನ್ನು ತೋರಿಸಿರುತ್ತದೆ, ತಲೆಬರಹ ಅದಕ್ಕಿಂತ ಬಲವಾದ ಇನ್ನೊಂದನ್ನು ಹೇಳುತ್ತದೆ. ಈ ಎರಡರ ನಡುವಿನ ಅಂತರವನ್ನು ಅಳೆಯುವ ಕ್ರಮ ಮುಂದಿದೆ.

ಮೊದಲು ಕ್ರಿಯಾಪದ ನೋಡಿ

ಮನಸ್ಸು ಮತ್ತು ಮಿದುಳಿನ ಬಗ್ಗೆ ಯಾರೇ ಏನೇ ಹೇಳಿದರೂ ಅದು ಈ ನಾಲ್ಕರಲ್ಲಿ ಒಂದಾಗಿರುತ್ತದೆ.

ಒಂದು, ‘ಜೊತೆಗಿದೆ’. ಭಯಪಟ್ಟಾಗ ಇಂಥ ಭಾಗದಲ್ಲಿ ಚಟುವಟಿಕೆ ಹೆಚ್ಚಿತು ಎಂಬಷ್ಟೇ ಮಾತು. ಎರಡು, ‘ಬೇಕೇ ಬೇಕು’. ಆ ಭಾಗ ಹಾಳಾದರೆ ಆ ಸಾಮರ್ಥ್ಯವೂ ಹೋಗುತ್ತದೆ. ಮೂರು, ‘ಇಷ್ಟಿದ್ದರೆ ಸಾಕು’. ಆ ಭಾಗವನ್ನು ಪ್ರಚೋದಿಸಿದರೆ ಅನುಭವ ಹುಟ್ಟುತ್ತದೆ. ನಾಲ್ಕು, ‘ಅದೇ ಇದು’. ಭಯವೆಂದರೆ ಈ ನರಕೋಶಗಳ ಈ ಚಟುವಟಿಕೆಯೇ, ಬೇರೇನೂ ಅಲ್ಲ.

ಒಂದನೆಯದರಿಂದ ನಾಲ್ಕನೆಯದಕ್ಕೆ ಹೋದಂತೆ ಬೇಕಾಗುವ ಪುರಾವೆಯ ತೂಕ ಹೆಚ್ಚುತ್ತದೆ. ಸ್ಕ್ಯಾನರ್‌ನಲ್ಲಿ ಮಲಗಿಸಿ ನೋಡಿದ ಅಧ್ಯಯನ ಎಷ್ಟೇ ಚೆನ್ನಾಗಿದ್ದರೂ ತಾನೇ ತಾನಾಗಿ ಒಂದನೆಯದನ್ನು ದಾಟಲಾರದು. ನಾಲ್ಕನೆಯದನ್ನು ಯಾವ ಒಂದು ಪ್ರಯೋಗವೂ ತೋರಿಸಿಕೊಡುವುದಿಲ್ಲ, ಅದು ಅರ್ಧ ತತ್ವಶಾಸ್ತ್ರದ ಮಾತು. ಹಾಗಾಗಿ ಸುದ್ದಿಯಲ್ಲಿ ‘ಉಂಟುಮಾಡುತ್ತದೆ’, ‘ನಿಯಂತ್ರಿಸುತ್ತದೆ’, ‘ಕೇಂದ್ರ’, ‘ಎಂದರೆ ಇಷ್ಟೇ’ ಎಂಬ ಪದ ಕಂಡ ಕೂಡಲೇ ಅಡಿಗೆರೆ ಎಳೆಯಿರಿ. ಪ್ರಯೋಗದಲ್ಲಿ ಮಿದುಳನ್ನು ನೋಡಿದರೋ, ಕೆದಕಿದರೋ, ಇಲ್ಲ ಹಾಳಾದ ಮಿದುಳನ್ನು ಪರೀಕ್ಷಿಸಿದರೋ ಎಂದು ಹುಡುಕಿ. ನೋಡಿದ್ದು ಮಾತ್ರವಾದರೆ ಆ ಪದಗಳನ್ನು ಹೊಡೆದುಹಾಕಿ ‘ಜೊತೆಗೆ ಕಾಣಿಸಿತು’ ಎಂದು ಬರೆದುಕೊಳ್ಳಿ. ಅರ್ಧಕ್ಕರ್ಧ ಸುದ್ದಿಗಳ ಬಿಸಿ ಇಷ್ಟಕ್ಕೇ ಇಳಿಯುತ್ತದೆ.

ಯಾವ ಉಪಕರಣ, ಅದು ನಿಜಕ್ಕೂ ಅಳೆದದ್ದೇನು

ಬಣ್ಣದ ಚಿತ್ರಗಳು ಬಹುಪಾಲು ಮಿದುಳು ಕೆಲಸ ಮಾಡುತ್ತಿರುವಾಗಲೇ ಸ್ಕ್ಯಾನ್ ಮಾಡುವ ಎಫ್‌ಎಂಆರ್‌ಐನಿಂದ ಬಂದವು. ಅದು ನರಕೋಶಗಳನ್ನು ನೋಡುವುದಿಲ್ಲ, ರಕ್ತವನ್ನು ನೋಡುತ್ತದೆ. ಒಂದು ಭಾಗದ ನರಕೋಶಗಳು ಹೆಚ್ಚು ಕೆಲಸ ಮಾಡಿದಾಗ ಅಲ್ಲಿಗೆ ಆಮ್ಲಜನಕ ತುಂಬಿದ ರಕ್ತ ಬೇಕಾದದ್ದಕ್ಕಿಂತ ಜಾಸ್ತಿಯೇ ಹರಿದುಬರುತ್ತದೆ. ಆಮ್ಲಜನಕ ಇರುವ ಮತ್ತು ಇಲ್ಲದ ಹಿಮೋಗ್ಲೋಬಿನ್‌ನ ಕಾಂತಗುಣ ಬೇರೆಬೇರೆಯಾದ್ದರಿಂದ ಸ್ಕ್ಯಾನರ್‌ಗೆ ಈ ವ್ಯತ್ಯಾಸ ಸಿಗುತ್ತದೆ. ಈ ತತ್ವವನ್ನು ಸೇಜಿ ಒಗಾವಾ ಮತ್ತು ಸಂಗಡಿಗರು 1990ರಲ್ಲಿ ತೋರಿಸಿದರು. ಓದುವವರಿಗೆ ಇದರಿಂದ ಮೂರು ಎಚ್ಚರಿಕೆಗಳು ಸಿಗುತ್ತವೆ.

ರಕ್ತದ ಸಂಕೇತ ತುದಿ ಮುಟ್ಟಲು ಸುಮಾರು 5ರಿಂದ 6 ಸೆಕೆಂಡು ಬೇಕು. ನರಕೋಶಗಳ ವ್ಯವಹಾರ ಮಿಲಿಸೆಕೆಂಡುಗಳಲ್ಲಿ ಮುಗಿದಿರುತ್ತದೆ. ಆದ್ದರಿಂದ ‘ಮೊದಲು ಈ ಭಾಗ, ಆಮೇಲೆ ಆ ಭಾಗ’ ಎಂಬ ಸೂಕ್ಷ್ಮ ಕಾಲಕ್ರಮವನ್ನು ಎಫ್‌ಎಂಆರ್‌ಐ ಆಧರಿಸಿ ಹೇಳಿದ್ದರೆ ಅನುಮಾನದಿಂದಲೇ ಓದಿ.

ಚಿತ್ರದ ಚಿಕ್ಕ ಘಟಕ ವಾಕ್ಸೆಲ್, ಸಾಮಾನ್ಯವಾಗಿ ಒಂದೊಂದು ಬದಿ 2ರಿಂದ 3 ಮಿಲಿಮೀಟರ್ ಇರುವ ಘನ. ನಿಕೋಸ್ ಲೋಗೊಥೆಟಿಸ್ 2008ರಲ್ಲಿ ಹಾಕಿದ ಲೆಕ್ಕದಂತೆ 55 ಘನ ಮಿಲಿಮೀಟರ್‌ನ ಒಂದು ವಾಕ್ಸೆಲ್‌ನಲ್ಲಿ ಸುಮಾರು 55 ಲಕ್ಷ ನರಕೋಶಗಳಿರುತ್ತವೆ. ಅವುಗಳಲ್ಲಿ ಕೆಲವು ಪ್ರಚೋದಿಸುವವು, ಕೆಲವು ತಡೆಯುವವು, ಒಂದೇ ಜಾಗದಲ್ಲಿ ಪರಸ್ಪರ ವಿರುದ್ಧ ಕೆಲಸ ಮಾಡುವವೂ ಇರಬಹುದು. ಒಂದೇ ಭಾಗ ಪ್ರೀತಿಗೂ ನೋವಿಗೂ ಬೆಳಗಿತು ಎಂದರೆ ಎರಡೂ ಒಂದೇ ಎಂದಲ್ಲ. ಒಂದೇ ವಾಕ್ಸೆಲ್‌ನೊಳಗೆ ಬೇರೆಬೇರೆ ನರಕೋಶಗಳು ಕೆಲಸ ಮಾಡಿರುವ ಸಾಧ್ಯತೆ ಸದಾ ಇದೆ.

ಇನ್ನು ‘ಬೆಳಗಿತು’ ಎಂಬ ಮಾತು. ಮಿದುಳಿನಲ್ಲಿ ಕತ್ತಲಿರುವ ಮೂಲೆ ಎಂಬುದಿಲ್ಲ. ದೇಹದ ತೂಕದಲ್ಲಿ ಅದರ ಪಾಲು ಸುಮಾರು ಶೇ 2, ಸುಮ್ಮನೆ ಕೂತಾಗಲೂ ದೇಹ ಬಳಸುವ ಶಕ್ತಿಯಲ್ಲಿ ಅದರ ಪಾಲು ಸುಮಾರು ಶೇ 20. ಯಾವುದೋ ಕೆಲಸ ಕೊಟ್ಟಾಗ ಆ ಖರ್ಚಿನಲ್ಲಿ ಆಗುವ ಏರಿಕೆ ಸಾಮಾನ್ಯವಾಗಿ ಶೇ 5ಕ್ಕಿಂತ ಕಡಿಮೆ. ಚಿತ್ರದಲ್ಲಿ ಕಾಣುವ ಕೆಂಪು ಬಣ್ಣ ಎರಡು ಸ್ಥಿತಿಗಳ ನಡುವಿನ ಸಣ್ಣ ವ್ಯತ್ಯಾಸದ ಸಂಖ್ಯಾಶಾಸ್ತ್ರದ ಗುರುತು, ಅಷ್ಟೇ. ಅಂದಹಾಗೆ, ನಾವು ಮಿದುಳಿನ ಶೇ 10ರಷ್ಟನ್ನು ಮಾತ್ರ ಬಳಸುತ್ತೇವೆ ಎಂಬ ಹಳೆಯ ಕಥೆಯೂ ಇಲ್ಲೇ ಸಾಯುತ್ತದೆ.

ಮಿದುಳಿನ ವಿದ್ಯುತ್ ಚಟುವಟಿಕೆಯನ್ನು ಅಳೆಯುವ ಇಇಜಿ ಇದಕ್ಕೆ ತದ್ವಿರುದ್ಧ. ನೆತ್ತಿಯ ಮೇಲಿನ ಎಲೆಕ್ಟ್ರೋಡ್‌ಗಳಿಗೆ ಮಿಲಿಸೆಕೆಂಡಿನ ಬದಲಾವಣೆಯೂ ಸಿಗುತ್ತದೆ, ಆದರೆ ತಲೆಬುರುಡೆ ವಿದ್ಯುತ್ತನ್ನು ಹರಡಿಬಿಡುವುದರಿಂದ ಅದು ಎಲ್ಲಿಂದ ಬಂತೆಂಬುದು ಮಸುಕು. ತಲೆಯ ಹೊರಗಿನಿಂದ ಕಾಂತಕ್ಷೇತ್ರದ ಹೊಡೆತ ಕೊಡುವ ಟಿಎಂಎಸ್‌ನಿಂದ ಒಂದು ಭಾಗದ ಕೆಲಸವನ್ನು ಕ್ಷಣಕಾಲ ಕದಡಬಹುದು. ಹಾಗಾಗಿ ‘ಬೇಕೇ ಬೇಕು’ ಎಂಬುದು ನಿಜವೇ ಎಂಬ ಪ್ರಶ್ನೆಗೆ ಅದು ಉತ್ತರಿಸಬಲ್ಲದು. ಆದರೆ ಸಾಮಾನ್ಯ ಕಾಯಿಲ್ ತಲುಪುವುದು ಮೇಲ್ಪದರದ ಕೆಲವು ಸೆಂಟಿಮೀಟರ್ ಮಾತ್ರ. ಟಿಎಂಎಸ್‌ನಿಂದ ಮಿದುಳಿನ ಆಳದಲ್ಲಿರುವ ಅಮಿಗ್ಡಲಾ ಎಂಬ ಭಾಗವನ್ನೇ ನೇರವಾಗಿ ಮುಟ್ಟಿದೆವು ಎಂದು ಯಾರಾದರೂ ಹೇಳಿದರೆ ಹೇಗೆ ಎಂದು ಕೇಳಿ. ಮಿದುಳಿನ ಒಳಗೇ ಇಡುವ ಎಲೆಕ್ಟ್ರೋಡ್‌ಗಳು ಎಲ್ಲಕ್ಕಿಂತ ನಿಖರ. ಅವನ್ನು ಹಾಕುವುದು ಮುಖ್ಯವಾಗಿ ಔಷಧಕ್ಕೆ ಬಗ್ಗದ ಮೂರ್ಛೆರೋಗ ಇರುವವರಿಗೆ, ಅದೂ ವೈದ್ಯರಿಗೆ ಬೇಕಾದ ಜಾಗದಲ್ಲಿ. ಆದ್ದರಿಂದ ಅಲ್ಲಿ ಭಾಗವಹಿಸುವವರು ಕಡಿಮೆ, ಅವರ ಮಿದುಳೂ ಪೂರ್ತಿ ಆರೋಗ್ಯದ್ದಲ್ಲ.

ಯಾವುದರಿಂದ ಯಾವುದನ್ನು ಕಳೆದರು

ಎಫ್‌ಎಂಆರ್‌ಐ ಫಲಿತಾಂಶ ಎಂದರೆ ಒಂದು ಕಳೆಯುವ ಲೆಕ್ಕ. ‘ಅ’ ಸ್ಥಿತಿಯ ಸಂಕೇತದಿಂದ ‘ಆ’ ಸ್ಥಿತಿಯ ಸಂಕೇತವನ್ನು ಕಳೆಯುತ್ತಾರೆ, ಉಳಿದದ್ದಕ್ಕೆ ಬಣ್ಣ ಹಚ್ಚುತ್ತಾರೆ. ಆದ್ದರಿಂದ ಪ್ರಬಂಧದ ವಿಧಾನದ ಭಾಗ ತೆರೆದು ಎರಡು ಸಾಲು ಬರೆದುಕೊಳ್ಳಿ: ಭಾಗವಹಿಸಿದವರು ‘ಅ’ದಲ್ಲಿ ಏನು ಮಾಡಿದರು, ‘ಆ’ದಲ್ಲಿ ಏನು ಮಾಡಿದರು. ಆಮೇಲೆ ಆ ಎರಡರ ನಡುವೆ ಇರುವ ಎಲ್ಲ ವ್ಯತ್ಯಾಸಗಳನ್ನೂ ಪಟ್ಟಿಮಾಡಿ. ಸಂಶೋಧಕರು ಹೆಸರಿಸಿದ್ದು ಅವುಗಳಲ್ಲಿ ಒಂದು ಮಾತ್ರ.

ಸುಳ್ಳಿನ ಉದಾಹರಣೆ ತೆಗೆದುಕೊಳ್ಳಿ. ‘ಕೈಯಲ್ಲಿರುವ ಇಸ್ಪೀಟಿನ ಎಲೆಯ ಬಗ್ಗೆ ಸುಳ್ಳು ಹೇಳಿ’ ಎಂದು ಸೂಚನೆ ಕೊಟ್ಟು, ನಿಜ ಹೇಳಿದಾಗಿನ ಸಂಕೇತವನ್ನು ಸುಳ್ಳು ಹೇಳಿದಾಗಿನದರಿಂದ ಕಳೆದರು ಎಂದುಕೊಳ್ಳೋಣ. ಉಳಿಯುವುದರಲ್ಲಿ ಸುಳ್ಳು ಇದೆ, ಸರಿ. ಸೂಚನೆಯನ್ನು ನೆನಪಿಟ್ಟುಕೊಳ್ಳುವುದು, ಬಾಯಿಗೆ ಬಂದ ನಿಜವನ್ನು ತಡೆಯುವುದು, ತುಸು ಹೆಚ್ಚು ಹೊತ್ತು ಯೋಚಿಸುವುದು, ಸಿಕ್ಕಿಬಿದ್ದೇನೆಂಬ ಕಳವಳ, ಇವೂ ಇವೆ. ಬೆಳಗಿದ್ದು ‘ಶ್ರಮ’ ಇದ್ದರೂ ಇರಬಹುದು. 2011ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಸ್ಕ್ಯಾನರ್ ಪ್ರತಿಯೊಬ್ಬರ ಸುಳ್ಳನ್ನೂ ಹಿಡಿಯಿತು. ಅದೇ ಜನರಿಗೆ ಕಾಣದಂತೆ ಬೆರಳು ಅಲುಗಿಸುವ ಉಪಾಯ ಹೇಳಿಕೊಟ್ಟ ಮೇಲೆ ನಿಖರತೆ ಶೇ 100ರಿಂದ ಶೇ 33ಕ್ಕೆ ಕುಸಿಯಿತು. ಅದು ಸುಳ್ಳಿನ ಗುರುತೇ ಆಗಿದ್ದರೆ ಬೆರಳಿನ ಆಟಕ್ಕೆ ಇಷ್ಟು ಸುಲಭವಾಗಿ ಸೋಲಬಾರದಿತ್ತು.

ಹಿಂದುಮುಂದಾದ ತರ್ಕ

ಎಲ್ಲಕ್ಕಿಂತ ಹೆಚ್ಚು ದಾರಿ ತಪ್ಪಿಸುವುದು ಇದು. ‘ಭಯವಾದಾಗ ಅಮಿಗ್ಡಲಾ ಚುರುಕಾಗುತ್ತದೆ’ ಎಂಬುದು ಒಂದು ಮಾತು. ‘ಅಮಿಗ್ಡಲಾ ಚುರುಕಾಗಿದೆ, ಆದ್ದರಿಂದ ಇವರಿಗೆ ಭಯವಾಗಿದೆ’ ಎಂಬುದು ಬೇರೆಯೇ ಮಾತು. ರಸೆಲ್ ಪೋಲ್ಡ್‌ರಾಕ್ 2006ರಲ್ಲಿ ಈ ತಪ್ಪನ್ನು ಬಿಡಿಸಿ ತೋರಿಸಿದರು.

ಲೆಕ್ಕ ಮಾಡಿ ನೋಡಿದರೆ ಸ್ಪಷ್ಟವಾಗುತ್ತದೆ. ಅಂಕಿಗಳು ಲೆಕ್ಕಕ್ಕಾಗಿ ಇಟ್ಟುಕೊಂಡವು. 1,000 ಅಧ್ಯಯನಗಳಲ್ಲಿ 100 ಭಯದ ಕುರಿತವು ಎನ್ನೋಣ, ಅವುಗಳ ಪೈಕಿ 60ರಲ್ಲಿ ಆ ಭಾಗ ಚುರುಕಾಗಿದೆ. ಉಳಿದ 900ರಲ್ಲಿ ಶೇ 20, ಅಂದರೆ 180ರಲ್ಲೂ ಅದೇ ಭಾಗ ಚುರುಕಾಗಿದೆ. ಈಗ ನಿಮ್ಮ ಮುಂದೆ ಆ ಭಾಗ ಚುರುಕಾದ ಒಂದು ಅಧ್ಯಯನವಿದ್ದರೆ ಅದು ಭಯದ್ದಾಗಿರುವ ಸಾಧ್ಯತೆ ಎಷ್ಟು? 240ರಲ್ಲಿ 60, ಅಂದರೆ ಶೇ 25. ಭಯವಿದ್ದಾಗ ಶೇ 60ರಷ್ಟು ಬಾರಿ ಕಾಣುವ ಗುರುತು ಹಿಂದುಮುಂದಾಗಿ ಓದಿದಾಗ ನಾಲ್ಕಕ್ಕೆ ಒಂದರ ಊಹೆಯಾಗಿಬಿಟ್ಟಿತು. ಆ ಭಾಗ ಎಷ್ಟು ಹೆಚ್ಚು ಕೆಲಸಗಳಲ್ಲಿ ತಲೆಹಾಕುತ್ತದೆಯೋ ಊಹೆ ಅಷ್ಟು ದುರ್ಬಲ. ಇನ್ಸುಲಾ ಎಂಬ ಭಾಗವಂತೂ ಮಿದುಳಿನ ಚಿತ್ರಣದ ಅಧ್ಯಯನಗಳಲ್ಲಿ ಸುಮಾರು ಮೂರನೇ ಒಂದರಲ್ಲಿ ಕಾಣಿಸಿಕೊಳ್ಳುತ್ತದೆ. ಅದು ಬೆಳಗಿತೆಂದು ‘ಇದು ಪ್ರೀತಿ’ ಎಂದೋ ‘ಇದು ಅಸಹ್ಯ’ ಎಂದೋ ಹೇಳುವುದು ಚೀಟಿ ಎತ್ತಿದಂತೆ.

ಅಮಿಗ್ಡಲಾವನ್ನು ‘ಭಯದ ಕೇಂದ್ರ’ ಎನ್ನುವುದು ಎಷ್ಟು ಸರಿ? ಎರಡೂ ಬದಿಯ ಅಮಿಗ್ಡಲಾ ನಾಶವಾಗಿರುವ, ಎಸ್.ಎಂ. ಎಂಬ ಸಂಕೇತಾಕ್ಷರಗಳಿಂದ ಗೊತ್ತಿರುವ ಮಹಿಳೆಗೆ ಹಾವು, ಜೇಡ, ಭಯಾನಕ ಚಲನಚಿತ್ರ ಯಾವುದೂ ಭಯ ಹುಟ್ಟಿಸಲಿಲ್ಲ. ಅಲ್ಲಿಗೆ ಕಥೆ ಮುಗಿಯಿತು ಎನ್ನುವಷ್ಟರಲ್ಲಿ, 2013ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಅವರೂ ಅಂಥದ್ದೇ ಹಾನಿಯಿರುವ ಇನ್ನಿಬ್ಬರೂ ಶೇ 35ರಷ್ಟು ಇಂಗಾಲದ ಡೈಆಕ್ಸೈಡ್ ಇರುವ ಗಾಳಿ ಉಸಿರಾಡಿದಾಗ ಮೂವರೂ ದಿಗಿಲುಬಿದ್ದರು. ಹೊರಗಿನ ಅಪಾಯವನ್ನು ಭಯವಾಗಿಸಲು ಅಮಿಗ್ಡಲಾ ಮುಖ್ಯ. ಆದರೆ ಭಯದ ಅನುಭವಕ್ಕೆ ಅದೊಂದೇ ಬಾಗಿಲಲ್ಲ. ‘ಕೇಂದ್ರ’ ಎಂಬ ಪದ ಕಂಡಲ್ಲೆಲ್ಲ ಈ ಪ್ರಕರಣ ನೆನಪಿಸಿಕೊಳ್ಳುವುದು ಒಳ್ಳೆಯದು.

ಎಷ್ಟು ಜನ, ಎಷ್ಟು ಬಾರಿ ಪರೀಕ್ಷಿಸಿದರು

ಮಿದುಳಿನ ಒಂದು ಸ್ಕ್ಯಾನ್ ಎಂದರೆ ಹತ್ತಾರು ಸಾವಿರದಿಂದ ಲಕ್ಷದವರೆಗೆ ವಾಕ್ಸೆಲ್‌ಗಳು. ಪ್ರತಿಯೊಂದಕ್ಕೂ ಬೇರೆಬೇರೆ ಪರೀಕ್ಷೆ ನಡೆಯುತ್ತದೆ. 1,00,000 ವಾಕ್ಸೆಲ್‌ಗಳಿದ್ದು, ಪಿ ಮೌಲ್ಯದ (ಇಂಥ ಫಲಿತಾಂಶ ಬರೀ ಆಕಸ್ಮಿಕವಾಗಿ ಬರುವ ಸಾಧ್ಯತೆಯ) ಗಡಿ 0.05 ಇಟ್ಟರೆ ಏನೂ ಇಲ್ಲದಿದ್ದರೂ ಸರಾಸರಿ 5,000 ವಾಕ್ಸೆಲ್‌ಗಳು ಆಕಸ್ಮಿಕವಾಗಿ ಬೆಳಗುತ್ತವೆ. ಗಡಿಯನ್ನು 0.001ಕ್ಕೆ ಇಳಿಸಿದರೂ 100 ಉಳಿಯುತ್ತವೆ. ಅದಕ್ಕೇ ‘ಬಹುಪರೀಕ್ಷೆಗಳಿಗೆ ತಿದ್ದುಪಡಿ ಮಾಡಲಾಗಿದೆ’ ಎಂಬ ಮಾತು ಪ್ರಬಂಧದಲ್ಲಿ ಇರಲೇಬೇಕು. ಇದನ್ನು ನಗುನಗುತ್ತಲೇ ತೋರಿಸಿದವರು ಕ್ರೇಗ್ ಬೆನೆಟ್ ಮತ್ತು ಸಂಗಡಿಗರು. 2009ರಲ್ಲಿ ವರದಿ ಮಾಡಿದ ಪ್ರಯೋಗದಲ್ಲಿ ಅವರು ಸತ್ತ ಸಾಲ್ಮನ್ ಮೀನೊಂದನ್ನು ಸ್ಕ್ಯಾನರ್‌ನಲ್ಲಿಟ್ಟು, ಮನುಷ್ಯರ ಭಾವನೆಗಳ ಫೋಟೊ ತೋರಿಸಿ, ತಿದ್ದುಪಡಿಯಿಲ್ಲದೆ ವಿಶ್ಲೇಷಿಸಿದರು. ಸತ್ತ ಮೀನಿನ ಮಿದುಳಿನಲ್ಲೂ ‘ಚಟುವಟಿಕೆ’ ಕಂಡಿತು. ತಿದ್ದುಪಡಿ ಮಾಡಿದ ಕೂಡಲೇ ಅದು ಮಾಯ.

ತಿದ್ದುಪಡಿ ಇದ್ದರೂ ಸಾಲದು. ಸಾಮಾನ್ಯವಾಗಿ ಬಳಸುವ ಕೆಲವು ಸಾಫ್ಟ್‌ವೇರ್ ವಿಧಾನಗಳು ಸುಳ್ಳು ಫಲಿತಾಂಶವನ್ನು ಶೇ 5ರ ಬದಲು ಶೇ 70ರವರೆಗೂ ಕೊಡಬಲ್ಲವು ಎಂದು 2016ರಲ್ಲಿ ಆಂಡರ್ಸ್ ಎಕ್ಲುಂಡ್ ಮತ್ತು ಸಂಗಡಿಗರು ತೋರಿಸಿದರು. 2020ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ 108 ಜನರ ಒಂದೇ ದತ್ತಾಂಶವನ್ನು 70 ತಂಡಗಳಿಗೆ ಕೊಟ್ಟು 9 ಊಹೆಗಳನ್ನು ಪರೀಕ್ಷಿಸಲು ಹೇಳಿದಾಗ ಎರಡು ತಂಡಗಳ ಕ್ರಮ ಒಂದೇ ಆಗಿರಲಿಲ್ಲ, ಹಲವು ಊಹೆಗಳ ಬಗ್ಗೆ ಉತ್ತರವೂ ಒಂದೇ ಆಗಲಿಲ್ಲ. ಮೋಸ ಯಾರೂ ಮಾಡಿರಲಿಲ್ಲ. ವಿಶ್ಲೇಷಣೆಯ ಪ್ರತಿ ಹಂತದಲ್ಲೂ ಒಪ್ಪಬಹುದಾದ ಆಯ್ಕೆಗಳು ಹಲವು ಇರುವುದೇ ಕಾರಣ. ಪ್ರಯೋಗಕ್ಕೆ ಮುನ್ನವೇ ವಿಶ್ಲೇಷಣೆಯ ಯೋಜನೆಯನ್ನು ನೋಂದಾಯಿಸಿದ್ದರೆ ಈ ತೊಂದರೆ ಕಡಿಮೆಯಾಗುತ್ತದೆ. ಪ್ರಬಂಧದಲ್ಲಿ ಪೂರ್ವನೋಂದಣಿಯ ಉಲ್ಲೇಖವಿದೆಯೇ ನೋಡಿ.

ಜನರ ಸಂಖ್ಯೆಯ ವಿಷಯದಲ್ಲಿ ಒಂದು ಭೇದ ಮುಖ್ಯ. ಎಲ್ಲರಲ್ಲೂ ಬಲವಾಗಿ ಆಗುವುದನ್ನು, ಉದಾಹರಣೆಗೆ ಮುಖ ನೋಡಿದಾಗ ಮುಖಕ್ಕೆ ಸ್ಪಂದಿಸುವ ಭಾಗದ ಚಟುವಟಿಕೆಯನ್ನು, 20 ಜನರಲ್ಲಿ, ಅಷ್ಟೇ ಏಕೆ ಒಬ್ಬರಲ್ಲೂ ಕಾಣಬಹುದು. ‘ಈ ಭಾಗ ದೊಡ್ಡದಿರುವವರು ಹೆಚ್ಚು ಬುದ್ಧಿವಂತರು, ಹೆಚ್ಚು ಉದಾರಿಗಳು’ ಎಂಬಂಥ ವ್ಯಕ್ತಿವ್ಯಕ್ತಿಗಳ ನಡುವಿನ ಹೋಲಿಕೆ ಹಾಗಲ್ಲ. ಸುಮಾರು 50,000 ಜನರ ದತ್ತಾಂಶ ಬಳಸಿ 2022ರಲ್ಲಿ ಸ್ಕಾಟ್ ಮಾರೆಕ್ ಮತ್ತು ಸಂಗಡಿಗರು ಹೇಳಿದ್ದು ಇದು: ಇಂಥ ಸಂಬಂಧಗಳು ತೀರಾ ದುರ್ಬಲ, ನಂಬಿಕೆಗೆ ಅರ್ಹವಾಗಲು ಸಾವಿರಾರು ಜನ ಬೇಕು. 25 ಜನರಲ್ಲಿ ಕಂಡ ‘ವ್ಯಕ್ತಿತ್ವದ ಮಿದುಳು ಗುರುತು’ ಸುದ್ದಿಯಾಗಿದ್ದರೆ ಪುಟ ತಿರುಗಿಸಿ. ಸಹಸಂಬಂಧ (ಗರಿಷ್ಠ 1) 0.8ರಷ್ಟು ಹೆಚ್ಚಿದ್ದರೆ ಹಿಗ್ಗಬೇಡಿ, ಅನುಮಾನಪಡಿ. ಬಲವಾಗಿ ಕಂಡ ವಾಕ್ಸೆಲ್‌ಗಳನ್ನು ಮೊದಲು ಆರಿಸಿ, ಅದೇ ದತ್ತಾಂಶದಲ್ಲಿ ಅವುಗಳ ಬಲವನ್ನು ಅಳೆದರೆ ಇಂಥ ಅಂಕಿ ಬರುತ್ತದೆ. ಎಡ್ವರ್ಡ್ ವುಲ್ ಮತ್ತು ಸಂಗಡಿಗರು 2009ರಲ್ಲಿ ಪರಿಶೀಲಿಸಿದ ಅಧ್ಯಯನಗಳಲ್ಲಿ ಅರ್ಧಕ್ಕೂ ಹೆಚ್ಚು ಈ ತಪ್ಪು ಮಾಡಿದ್ದವು.

ಒಂದು ತಲೆಬರಹವನ್ನು ತಿದ್ದುವ ಬಗೆ

ಕಲ್ಪಿತ ತಲೆಬರಹ: ‘ಅಸೂಯೆಯ ಕೇಂದ್ರ ಮಿದುಳಿನಲ್ಲಿ ಪತ್ತೆ’. ಪ್ರಬಂಧ ತೆರೆದಾಗ ಸಿಕ್ಕಿದ್ದು: 24 ವಿದ್ಯಾರ್ಥಿಗಳು, ಎಫ್‌ಎಂಆರ್‌ಐ, ತಮಗಿಂತ ಹೆಚ್ಚು ಅಂಕ ಪಡೆದವರ ವಿವರ ಓದಿದಾಗಿನ ಸಂಕೇತದಿಂದ, ಸಮಾನ ಅಂಕದವರ ವಿವರ ಓದಿದಾಗಿನದನ್ನು ಕಳೆಯಲಾಗಿದೆ, ತಿದ್ದುಪಡಿ ಇದೆ, ಬೇರೆ ಗುಂಪಿನಲ್ಲಿ ಮತ್ತೆ ಪರೀಕ್ಷಿಸಿಲ್ಲ.

ತಿದ್ದಿದ ವಾಕ್ಯ: ‘ತಮಗಿಂತ ಮೇಲಿನವರ ಬಗ್ಗೆ ಓದುವಾಗ, ಸಮಾನರ ಬಗ್ಗೆ ಓದುವಾಗಿನದಕ್ಕಿಂತ ಈ ಭಾಗದಲ್ಲಿ ರಕ್ತದ ಸಂಕೇತ 24 ವಿದ್ಯಾರ್ಥಿಗಳಲ್ಲಿ ಸರಾಸರಿಯಾಗಿ ತುಸು ಹೆಚ್ಚಿತು. ಅದು ಅಸೂಯೆಯೋ, ಅಚ್ಚರಿಯೋ, ತನ್ನನ್ನು ಹೋಲಿಸಿಕೊಳ್ಳುವ ಲೆಕ್ಕವೋ ಈ ಪ್ರಯೋಗದಿಂದ ತಿಳಿಯದು.’ ಸುದ್ದಿಯಾಗಿ ಇದು ಸಪ್ಪೆ. ಆದರೆ ಹೇಳಬಹುದಾದದ್ದು ಇಷ್ಟೇ.

ಪೂರ್ತಿ ಪ್ರಬಂಧ ಸಿಗದಿದ್ದರೆ ಸಾರಾಂಶ ಓದಿ, ಚಿತ್ರದ ಕೆಳಗಿನ ಅಡಿಟಿಪ್ಪಣಿ ಓದಿ. ಪತ್ರಿಕಾ ಪ್ರಕಟಣೆ ಮರೆಮಾಚಿದ ‘ಅ’ ಮತ್ತು ‘ಆ’ ಎಷ್ಟೋ ಸಲ ಅಡಿಟಿಪ್ಪಣಿಯಲ್ಲೇ ಕೂತಿರುತ್ತವೆ.

ಹಾನಿ ಮತ್ತು ಪ್ರಚೋದನೆ: ಬಲ ಹೆಚ್ಚು, ಬಲೆಯೂ ಬೇರೆ

ಹಾಳಾದ ಮಿದುಳು ಹೇಳುವ ಮಾತಿಗೆ ಸ್ಕ್ಯಾನರ್‌ಗಿಂತ ಹೆಚ್ಚು ಬಲವಿದೆ. 1953ರಲ್ಲಿ ಮೂರ್ಛೆರೋಗಕ್ಕಾಗಿ ಹೆನ್ರಿ ಮೊಲೈಸನ್ ಅವರ ಮಿದುಳಿನ ಒಳಗೆ ಎರಡೂ ಬದಿಯಲ್ಲಿರುವ ಹಿಪೊಕ್ಯಾಂಪಸ್‌ನ ಬಹುಭಾಗವನ್ನೂ ಸುತ್ತಲಿನ ಅಂಗಾಂಶವನ್ನೂ ತೆಗೆದರು. ಹೊಸ ಘಟನೆಗಳು ಅವರ ನೆನಪಿನಲ್ಲಿ ನಿಲ್ಲುವುದೇ ನಿಂತಿತು. ಆದರೆ ಬ್ರೆಂಡಾ ಮಿಲ್ನರ್ ಕೊಟ್ಟ, ಕನ್ನಡಿಯಲ್ಲಿ ನೋಡಿ ನಕ್ಷತ್ರ ಬಿಡಿಸುವ ಕೆಲಸದಲ್ಲಿ ಅವರು ದಿನದಿಂದ ದಿನಕ್ಕೆ ಪಳಗಿದರು, ಹಿಂದಿನ ದಿನ ಮಾಡಿದ್ದು ನೆನಪಿಲ್ಲದೆಯೇ. ‘ನೆನಪು’ ಎಂದು ನಾವು ಒಂದೇ ಹೆಸರಿಟ್ಟದ್ದು ಮಿದುಳಿನಲ್ಲಿ ಒಂದೇ ಅಲ್ಲ ಎಂದು ತೋರಿಸಿದ ಪ್ರಕರಣ ಇದು. ಮನಸ್ಸು ಮತ್ತು ಮಿದುಳಿನ ಸಂಬಂಧದಲ್ಲಿ ನಮಗೆ ಅತಿ ಮುಖ್ಯವೆನಿಸುವ ಸಂಗತಿಯೂ ಇದೇ: ಮಿದುಳಿನ ಅಧ್ಯಯನ ಮನಸ್ಸಿನ ಪದಗಳಿಗೆ ವಿಳಾಸ ಹುಡುಕಿಕೊಟ್ಟು ಸುಮ್ಮನಾಗುವುದಿಲ್ಲ, ಆ ಪದಗಳನ್ನೇ ಒಡೆಯುತ್ತದೆ.

ಇಂಥ ಅಧ್ಯಯನ ಓದುವಾಗ ಹುಡುಕಬೇಕಾದ್ದು ಜೋಡಿ ಪುರಾವೆ. ‘ಕ’ ಭಾಗ ಹಾಳಾದವರಲ್ಲಿ ಮೊದಲ ಸಾಮರ್ಥ್ಯ ಹೋಗಿ ಎರಡನೆಯದು ಉಳಿದಿರಬೇಕು, ‘ಗ’ ಭಾಗ ಹಾಳಾದವರಲ್ಲಿ ಇದರ ತಿರುವುಮುರುವು ಇರಬೇಕು. ಒಂದೇ ಕಡೆಯ ಪುರಾವೆಯಾದರೆ ಆ ಕೆಲಸ ಬರೀ ಹೆಚ್ಚು ಕಷ್ಟದ್ದಾಗಿದ್ದರಿಂದ ಹೋಯಿತು ಎನ್ನಲು ಅವಕಾಶ ಉಳಿಯುತ್ತದೆ. ಹೋಲಿಕೆಯ ಗುಂಪೂ ಬೇಕು. ನಾಸಿರ್ ನಖ್ವಿ ಮತ್ತು ಸಂಗಡಿಗರ 2007ರ ಅಧ್ಯಯನ ಇದಕ್ಕೆ ಮಾದರಿ: ಇನ್ಸುಲಾ ಹಾಳಾದ 19 ಧೂಮಪಾನಿಗಳಲ್ಲಿ 13 ಮಂದಿ, ಬೇರೆ ಭಾಗ ಹಾಳಾದ 50ರಲ್ಲಿ 19 ಮಂದಿ ಸಿಗರೇಟು ಬಿಟ್ಟರು. ತಲಬೇ ಇಲ್ಲದಂತೆ ಸಲೀಸಾಗಿ ಬಿಟ್ಟವರು ಮೊದಲ 13ರಲ್ಲಿ 12, ಎರಡನೆಯ 19ರಲ್ಲಿ 4. ಎರಡನೆಯ ಗುಂಪಿಲ್ಲದಿದ್ದರೆ ‘ಕಾಯಿಲೆಯ ಹೆದರಿಕೆಗೆ ಬಿಟ್ಟರು’ ಎಂದು ತಳ್ಳಿಹಾಕಬಹುದಿತ್ತು.

ಹಾನಿಯ ಗಡಿಯೂ ನಾವಂದುಕೊಂಡಲ್ಲಿ ಇರುವುದಿಲ್ಲ. 1861ರಲ್ಲಿ ಪಾಲ್ ಬ್ರೋಕಾ ಮಾತಿನ ತಾಣವನ್ನು ಗುರುತಿಸಿದ್ದು ಲೆಬೋರ್ನ್ ಎಂಬ ರೋಗಿಯ ಮಿದುಳಿನಿಂದ. ಕಾಪಿಟ್ಟಿದ್ದ ಆ ಮಿದುಳನ್ನು ಎಂಆರ್‌ಐ ಮಾಡಿ 2007ರಲ್ಲಿ ಪ್ರಕಟಿಸಿದಾಗ, ಮೇಲ್ಮೈಯಲ್ಲಿ ಕಂಡದ್ದಕ್ಕಿಂತ ಎಷ್ಟೋ ಆಳಕ್ಕೆ ಹಾನಿ ಇಳಿದಿದ್ದು ತಿಳಿಯಿತು.

ಪ್ರಚೋದನೆಯ ಪುರಾವೆ ಇನ್ನೂ ನೇರ. 1999ರಲ್ಲಿ ವರದಿಯಾದ ಪ್ರಕರಣದಲ್ಲಿ ಪಾರ್ಕಿನ್ಸನ್ ಕಾಯಿಲೆಯ ಮಹಿಳೆಯೊಬ್ಬರಿಗೆ, ಉಪಶಮನ ಕೊಡುವ ಜಾಗಕ್ಕಿಂತ ಸುಮಾರು 2 ಮಿಲಿಮೀಟರ್ ಕೆಳಗೆ ವಿದ್ಯುತ್ ಹರಿಸಿದಾಗ ಕೆಲವೇ ಸೆಕೆಂಡುಗಳಲ್ಲಿ ಅಳು, ಹತಾಶೆ, ಬದುಕು ಬೇಡವೆಂಬ ಮಾತು ಬಂದವು. ನಿಲ್ಲಿಸಿದ 90 ಸೆಕೆಂಡಿನೊಳಗೆ ಎಲ್ಲ ಹೋಯಿತು. ಬೆರಗು ಹುಟ್ಟಿಸುವ ಪ್ರಕರಣ, ನಿಜ. ಆದರೂ ‘ದುಃಖ ಆ ಬಿಂದುವಿನಲ್ಲಿದೆ’ ಎನ್ನಲಾಗದು. ವಿದ್ಯುತ್ತು ಅಲ್ಲಿಂದ ಹಾದುಹೋಗುವ ನರತಂತುಗಳ ಮೂಲಕ ದೂರದ ಭಾಗಗಳನ್ನೂ ಎಬ್ಬಿಸುತ್ತದೆ.

‘ಮಿದುಳನ್ನೇ ಬದಲಿಸುತ್ತದೆ’, ‘ರಾಸಾಯನಿಕವೇ ಕಾರಣ’

ಮೊದಲನೆಯದು ಸುದ್ದಿಯೇ ಅಲ್ಲ. ಏನನ್ನು ಕಲಿತರೂ ಮಿದುಳು ಬದಲಾಗುತ್ತದೆ, ಈ ವಾಕ್ಯ ನೆನಪಿನಲ್ಲಿ ಉಳಿದರೂ ಬದಲಾಗುತ್ತದೆ. ಕೇಳಬೇಕಾದ ಪ್ರಶ್ನೆ ಮುಂಚೆ ಯಾವುದು, ಆಮೇಲೆ ಯಾವುದು ಎಂಬುದು. ಲಂಡನ್ ಟ್ಯಾಕ್ಸಿ ಚಾಲಕರ ಹಿಪೊಕ್ಯಾಂಪಸ್‌ನ ಹಿಂಭಾಗ ದೊಡ್ಡದೆಂದು 2000ದಲ್ಲಿ ಎಲೀನರ್ ಮಗ್ವಾಯರ್ ತಂಡ ಹೇಳಿದಾಗ, ಹಿಪೊಕ್ಯಾಂಪಸ್ ದೊಡ್ಡದಿದ್ದವರೇ ಆ ಕೆಲಸ ಹಿಡಿದಿರಬಹುದು ಎಂಬ ಆಕ್ಷೇಪಕ್ಕೆ ಪೂರ್ತಿ ಉತ್ತರವಿರಲಿಲ್ಲ. 2011ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಟ್ಯಾಕ್ಸಿ ಚಾಲಕರಾಗಲು ತರಬೇತಿ ಪಡೆಯುತ್ತಿದ್ದ 79 ಮಂದಿಯನ್ನು ಕಲಿಕೆಯ ಮೊದಲೂ ನಂತರವೂ ಅಳೆದರು. ಪರೀಕ್ಷೆ ಪಾಸಾದ 39 ಮಂದಿಯಲ್ಲಿ ಮಾತ್ರ ಹಿಗ್ಗುವಿಕೆ ಕಂಡಿತು. ಮೊದಲು-ನಂತರದ ಅಳತೆ ಇಲ್ಲದ ಅಧ್ಯಯನ ದಿಕ್ಕನ್ನು ಹೇಳಲಾರದು.

ರಾಸಾಯನಿಕಗಳ ವಿಷಯಕ್ಕೆ ಎರಡೇ ಮಾತು. ಔಷಧದಿಂದ ಗುಣವಾಯಿತೆಂದರೆ ಅದರ ಕೊರತೆಯೇ ಕಾಯಿಲೆಯಾಗಿತ್ತು ಎಂದಾಗುವುದಿಲ್ಲ. ಆಸ್ಪಿರಿನ್ ಕೊರತೆಯಿಂದ ಯಾರಿಗೂ ತಲೆನೋವು ಬರುವುದಿಲ್ಲ. ‘ಡೋಪಮಿನ್ ಎಂದರೆ ಸುಖ’ ಎಂಬುದೂ ಹಳಸಿದ್ದು. ವುಲ್ಫ್ರಾಮ್ ಶುಲ್ಟ್ಸ್ ಅವರ ಕೋತಿಗಳಲ್ಲಿ ಡೋಪಮಿನ್ ನರಕೋಶಗಳು ಸ್ಪಂದಿಸಿದ್ದು ಬಹುಮಾನ ನಿರೀಕ್ಷೆಗಿಂತ ಹೆಚ್ಚಾದಾಗ. ನಿರೀಕ್ಷಿಸಿದಷ್ಟೇ ಬಂದಾಗ ಅವು ಸುಮ್ಮನಿದ್ದವು.

ಸ್ವತಂತ್ರ ಇಚ್ಛೆ ಮತ್ತು ಮನಸ್ಸು ಓದುವ ಯಂತ್ರ

ಬೆಂಜಮಿನ್ ಲಿಬೆಟ್ ಅವರ 1983ರ ಪ್ರಯೋಗ ಎಲ್ಲೆಡೆ ಉಲ್ಲೇಖವಾಗುತ್ತದೆ. ಮಣಿಕಟ್ಟು ಅಲುಗಿಸುವ ಸುಮಾರು 550 ಮಿಲಿಸೆಕೆಂಡು ಮೊದಲೇ ಇಇಜಿಯಲ್ಲಿ ಸಿದ್ಧತೆಯ ಏರಿಕೆ, ‘ಅಲುಗಿಸಬೇಕೆನಿಸಿತು’ ಎಂದು ವ್ಯಕ್ತಿ ಹೇಳಿದ ಕ್ಷಣ ಸುಮಾರು 200 ಮಿಲಿಸೆಕೆಂಡು ಮೊದಲು. ಆದ್ದರಿಂದ ಮಿದುಳು ಮೊದಲೇ ನಿರ್ಧರಿಸಿತ್ತು ಎಂದು ಸುದ್ದಿ. ಆರನ್ ಶರ್ಗರ್ ಮತ್ತು ಸಂಗಡಿಗರು 2012ರಲ್ಲಿ ಬೇರೆ ವಿವರಣೆ ಕೊಟ್ಟರು. ಮಿದುಳಿನ ಚಟುವಟಿಕೆ ತನ್ನಷ್ಟಕ್ಕೆ ಏರಿಳಿಯುತ್ತಿರುತ್ತದೆ, ಏರಿಕೆ ಒಂದು ಗಡಿ ಮುಟ್ಟಿದಾಗ ಕೈ ಅಲುಗುತ್ತದೆ. ಅಲುಗಿದ ಕ್ಷಣದಿಂದ ಹಿಂದಕ್ಕೆ ಹೋಗಿ ಹಲವು ಬಾರಿಯ ಸರಾಸರಿ ತೆಗೆದರೆ ಅಲ್ಲೊಂದು ಏರಿಕೆ ಕಾಣಲೇಬೇಕು. ಆ ಏರಿಕೆ ‘ನಿರ್ಧಾರ’ ಆಗಬೇಕಿಲ್ಲ. ಲಿಬೆಟ್ ಪ್ರಯೋಗವನ್ನು ಉಲ್ಲೇಖಿಸಿ ಈ ವಾದವನ್ನು ಬಿಟ್ಟ ಲೇಖನ ಅರ್ಧ ಕಥೆ ಹೇಳುತ್ತಿದೆ.

2008ರ ಎಫ್‌ಎಂಆರ್‌ಐ ಅಧ್ಯಯನವೊಂದು ಎಡಗುಂಡಿಯೋ ಬಲಗುಂಡಿಯೋ ಎಂಬುದನ್ನು ‘10 ಸೆಕೆಂಡು ಮೊದಲೇ’ ಊಹಿಸಿತು. ನಿಖರತೆ ಸುಮಾರು ಶೇ 60. ನಾಣ್ಯ ಚಿಮ್ಮಿದರೆ ಶೇ 50. ಇಂಥ ಸುದ್ದಿಯಲ್ಲಿ ನಿಖರತೆಯ ಪಕ್ಕದಲ್ಲಿ ಆಕಸ್ಮಿಕದ ಮಟ್ಟವನ್ನು ಬರೆದುಕೊಂಡೇ ಮುಂದೆ ಓದಿ. ‘ಮನಸ್ಸು ಓದುವ’ ಯಂತ್ರಗಳಿಗೆ ಇನ್ನೂ ಎರಡು ಪ್ರಶ್ನೆ ಕೇಳಿ: ಒಬ್ಬೊಬ್ಬರ ಮೇಲೂ ಎಷ್ಟು ತರಬೇತಿ ಬೇಕಾಯಿತು, ಅವರು ಸಹಕರಿಸದಿದ್ದರೆ ನಡೆಯುತ್ತದೆಯೇ. 2023ರಲ್ಲಿ ಸುದ್ದಿಯಾದ, ಕೇಳಿದ ಕಥೆಯ ಸಾರವನ್ನು ಸ್ಕ್ಯಾನ್‌ನಿಂದ ಬರೆಯುವ ವ್ಯವಸ್ಥೆಗೆ ಪ್ರತಿ ವ್ಯಕ್ತಿಯ ಸುಮಾರು 16 ಗಂಟೆಗಳ ಸ್ಕ್ಯಾನ್ ಬೇಕಾಗಿತ್ತು. ಆ ವ್ಯಕ್ತಿ ಮನಸ್ಸಿನಲ್ಲೇ ಬೇರೇನೋ ಎಣಿಸುತ್ತಿದ್ದರೆ ಅದು ಸೋಲುತ್ತಿತ್ತು.

ಪ್ರಜ್ಞೆಯ ಮಾತು ಬಂದಾಗ

ಇಲ್ಲಿ ಎರಡು ಪ್ರಶ್ನೆಗಳನ್ನು ಬೆರೆಸದೆ ಓದಬೇಕು. ಪ್ರಜ್ಞೆ ಇದೆಯೋ ಇಲ್ಲವೋ ಎಂದು ಮಿದುಳಿನಿಂದ ತಿಳಿಯಬಹುದೇ ಎಂಬುದು ಒಂದು. ಮಿದುಳಿನ ಚಟುವಟಿಕೆ ಅನುಭವವಾಗುವುದಾದರೂ ಏಕೆ ಎಂಬುದು ಇನ್ನೊಂದು. ಎರಡನೆಯದನ್ನು ತತ್ವಜ್ಞಾನಿ ಡೇವಿಡ್ ಚಾಲ್ಮರ್ಸ್ 1995ರಲ್ಲಿ ‘ಕಠಿಣ ಸಮಸ್ಯೆ’ ಎಂದು ಕರೆದರು. 25 ವರ್ಷಗಳಲ್ಲಿ ಪ್ರಜ್ಞೆಯ ನರಗುರುತು ಸಿಗುತ್ತದೆ ಎಂದು 1998ರಲ್ಲಿ ಅವರೊಡನೆ ಪಂಥ ಕಟ್ಟಿದ್ದ ನರವಿಜ್ಞಾನಿ ಕ್ರಿಸ್ಟೋಫ್ ಕಾಕ್ 2023ರಲ್ಲಿ ಸೋಲೊಪ್ಪಿ ವೈನ್ ಕೊಟ್ಟರು. ಎರಡು ಪ್ರಮುಖ ಸಿದ್ಧಾಂತಗಳನ್ನು ಎದುರುಬದುರು ನಿಲ್ಲಿಸಿ 256 ಜನರ ಮೇಲೆ ನಡೆಸಿದ ಪರೀಕ್ಷೆ 2025ರಲ್ಲಿ ಪ್ರಕಟವಾಯಿತು. ಎರಡರ ಮುಖ್ಯ ಊಹೆಗಳಲ್ಲೂ ಕೆಲವು ಬಿದ್ದುಹೋದವು. ‘ಪ್ರಜ್ಞೆಯ ರಹಸ್ಯ ಬಯಲು’ ಎಂಬ ಸುದ್ದಿ ಬಂದರೆ ಈ ಹಿನ್ನೆಲೆಯಲ್ಲಿ ಓದಿ.

ಮೊದಲ ಪ್ರಶ್ನೆಯಲ್ಲಿ ಮಾತ್ರ ನಿಜವಾದ ಪ್ರಗತಿಯಿದೆ. 2006ರಲ್ಲಿ ಏಡ್ರಿಯನ್ ಓವೆನ್ ತಂಡ, ಯಾವ ಸೂಚನೆಗೂ ಸ್ಪಂದಿಸದಿದ್ದ 23 ವರ್ಷದ ಮಹಿಳೆಗೆ ಸ್ಕ್ಯಾನರ್‌ನಲ್ಲಿ ಟೆನಿಸ್ ಆಡುವುದನ್ನು ಕಲ್ಪಿಸಿಕೊಳ್ಳಿ, ಮನೆಯೊಳಗೆ ನಡೆದಾಡುವುದನ್ನು ಕಲ್ಪಿಸಿಕೊಳ್ಳಿ ಎಂದು ಹೇಳಿತು. ಎರಡಕ್ಕೂ ಬೇರೆಬೇರೆ ಭಾಗಗಳಲ್ಲಿ, ಆರೋಗ್ಯವಂತರಲ್ಲಿ ಕಾಣುವಂಥದ್ದೇ ಸ್ಪಂದನ ಕಂಡಿತು. ಇಲ್ಲಿ ಹಿಂದುಮುಂದಾದ ತರ್ಕದ ದೋಷ ಅಷ್ಟಾಗಿ ತಟ್ಟುವುದಿಲ್ಲ. ಸೂಚನೆ ಕೊಟ್ಟಾಗ ಶುರುವಾಗಿ, ನಿಲ್ಲಿಸಿ ಎನ್ನುವವರೆಗೆ ಸ್ಪಂದನ ಮುಂದುವರಿದಿತ್ತು, ಸೂಚನೆ ಬದಲಾದಾಗ ಜಾಗವೂ ಬದಲಾಯಿತು.

ಆದರೆ ಇಂಥ ಪರೀಕ್ಷೆಯಲ್ಲಿ ‘ಇದೆ’ ಎಂಬ ಉತ್ತರಕ್ಕೂ ‘ಕಾಣಲಿಲ್ಲ’ ಎಂಬ ಉತ್ತರಕ್ಕೂ ಒಂದೇ ತೂಕವಿಲ್ಲ. 2024ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಲ್ಲಿ ಹೊರಗೆ ಯಾವ ಸೂಚನೆಗೂ ಸ್ಪಂದಿಸದ 241 ರೋಗಿಗಳಲ್ಲಿ 60 ಮಂದಿಯ ಮಿದುಳು ಎಫ್‌ಎಂಆರ್‌ಐ ಅಥವಾ ಇಇಜಿಯಲ್ಲಿ ಸ್ಪಂದಿಸಿತು. ಅದೇ ಅಧ್ಯಯನದಲ್ಲಿ, ಹಾಸಿಗೆಯ ಪಕ್ಕದಲ್ಲಿ ಹೇಳಿದ ಸೂಚನೆಯನ್ನು ಕಣ್ಣೆದುರೇ ಪಾಲಿಸಬಲ್ಲ 112 ಮಂದಿಯಲ್ಲಿ ಯಂತ್ರಕ್ಕೆ ಸಿಕ್ಕವರು 43 ಮಾತ್ರ. ಅಂದರೆ ಅರಿವು ಇರುವುದು ಖಚಿತವಿದ್ದವರಲ್ಲೇ ಅರ್ಧಕ್ಕಿಂತ ಹೆಚ್ಚು ಜನರನ್ನು ಪರೀಕ್ಷೆ ಬಿಟ್ಟುಬಿಟ್ಟಿತ್ತು. ರೋಗಿ ಆ ಹೊತ್ತಿಗೆ ನಿದ್ದೆಯಲ್ಲಿರಬಹುದು, ಶಾಮಕ ಔಷಧದ ಮಂಪರಿನಲ್ಲಿರಬಹುದು, ಕಿವಿ ಕೇಳದಿರಬಹುದು, ಹಲವು ನಿಮಿಷ ಗಮನ ಹಿಡಿದಿಡುವ ಶಕ್ತಿ ಇಲ್ಲದಿರಬಹುದು. ಹತ್ತಿರದವರ ವರದಿಯಲ್ಲಿ ‘ಸ್ಪಂದನ ಕಂಡುಬಂದಿಲ್ಲ’ ಎಂದಿದ್ದರೆ ವೈದ್ಯರನ್ನು ಕೇಳಬೇಕಾದ್ದು ಹೀಗೆ: ಪರೀಕ್ಷೆಯ ಮುಂಚೆ ಶಾಮಕ ಔಷಧ ಎಷ್ಟು ಹೊತ್ತಿನ ಹಿಂದೆ ಕೊಟ್ಟಿತ್ತು, ಶ್ರವಣ ಪರೀಕ್ಷೆ ಆಗಿದೆಯೇ, ಎಫ್‌ಎಂಆರ್‌ಐ ಮತ್ತು ಇಇಜಿ ಎರಡನ್ನೂ ಮಾಡಿದ್ದಾರೆಯೇ, ಬೇರೆ ದಿನ ಮತ್ತೊಮ್ಮೆ ಮಾಡುವುದು ಸಾಧ್ಯವೇ.